ಉಳಿದದ್ದು ಪೂರಕಕ್ಕೆ ಬಿಡಿ

ಅರವತ್ತನೆಯ ಸುತ್ತಿನಲ್ಲಿ ಜಂಬಕ್ಕನನ್ನು ಕಣದಿಂದ ಇಳಿಸಿದಾಗ ತಾಯಮ್ಮ ಮನಸ್ಸಿನಲ್ಲೇ ಹುಸೇನಪ್ಪ ಮಾಸ್ತರರನ್ನು ಗೆಲ್ಲಿಸಿಬಿಟ್ಟಿದ್ದಳು. ಇಪ್ಪತ್ತು ವರ್ಷ ಪ್ರಾಶಸ್ತ್ಯದ ಮತ ಎಣಿಸಿದ ಕೈ ಅವಳದು. ಪರದೆಯ ಮೇಲೆ ಅಂಕಿ ಮೂಡುವ ಮೊದಲೇ ಬೆರಳು ಮಡಚಿ ಫಲಿತಾಂಶ ಹೇಳುವ ಚಾಳಿ ಇನ್ನೂ ಹೋಗಿರಲಿಲ್ಲ. ಉಳಿದಿದ್ದು ಒಂದೇ ಸ್ಥಾನ, ಐದನೆಯದು. ಅದಕ್ಕೆ ಪಂಪನಗೌಡನ ಹತ್ತಿರ ಮೂರು ಲಕ್ಷ ಅರವತ್ತೊಂದು ಸಾವಿರ ಮತ, ಮಾಸ್ತರರ ಹತ್ತಿರ ಮೂರು ಲಕ್ಷ ಐವತ್ತೆರಡು ಸಾವಿರ. ಈಗ ಇಳಿದ ಜಂಬಕ್ಕನ ಎಂಬತ್ತೇಳು ಸಾವಿರ ಮತ ಹಂಚಿಕೆಗೆ ಹೊರಟಿತ್ತು. ಅಷ್ಟೂ ವಿದ್ಯುತ್ ಸ್ಥಾವರದ ಬೂದಿ ಬೀಳುವ ಬೂದಿಹಳ್ಳಿಗಳ ಮತ. ಮೊದಲ ಗುರುತು ಮನೆಮಗಳು ಜಂಬಕ್ಕನಿಗೆ, ಎರಡನೆಯದು ಮಾಸ್ತರರಿಗೆ ಎಂದು ನಲವತ್ತೆರಡು ಹಳ್ಳಿಗಳ ಹಿರಿಯರು ದರ್ಗಾದ ಕಟ್ಟೆಯ ಮೇಲೆ ಕೂತು ಮಾತಾಡಿಕೊಂಡಿದ್ದರು. ಹಾಗಿದ್ದ ಮೇಲೆ ಅವು ಮಾಸ್ತರರಿಗಲ್ಲದೆ ಇನ್ನಾರಿಗೆ ಹೋಗಬೇಕು?

ಈ ಲೆಕ್ಕ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಪದವೀಧರರ, ಶಿಕ್ಷಕರ ಕ್ಷೇತ್ರಗಳೆಂಬ ವಿಧಾನ ಪರಿಷತ್ತಿನ ಹಳೆಯ ಬಾಗಿಲುಗಳನ್ನೆಲ್ಲ ಮುಚ್ಚಿ, ರಾಜ್ಯವನ್ನು ಎಂಟು ಪ್ರಾಂತಗಳಾಗಿ ಒಡೆದು, ಪ್ರಾಂತಕ್ಕೆ ಐವರಂತೆ ನಲವತ್ತು ಜನರನ್ನು ಜನರೇ ಆರಿಸುವ ಕಾನೂನು ಬಂದು ಹತ್ತು ವರ್ಷವಾಗಿತ್ತು. ಎರಡು ನದಿಗಳ ನಡುವಿನ ಎಡೆದೊರೆ ಪ್ರಾಂತ ಅದರಲ್ಲೊಂದು. ಮತದಾರ ತನಗೆ ಬೇಕಾದವರ ಹೆಸರಿನ ಮುಂದೆ ಒಂದು, ಎರಡು, ಮೂರು ಎಂದು ಅಂಕಿ ಕೊಡಬೇಕು. ಒಟ್ಟು ಮತದ ಆರರಲ್ಲೊಂದು ಪಾಲು, ಅದರ ಮೇಲೊಂದು ಮತ ಸಿಕ್ಕವನು ಗೆದ್ದ. ಎಲ್ಲರಿಗಿಂತ ಕಡಿಮೆ ಮತ ಬಿದ್ದವನನ್ನು ಇಳಿಸಿ, ಅವನ ಮತಗಳನ್ನು ಆಯಾ ಮತದಾರನ ಮುಂದಿನ ಆಯ್ಕೆಗೆ ದಾಟಿಸುತ್ತ ಹೋಗುವುದು. ಒಳ್ಳೆಯ ಪದ್ಧತಿಯೇ. ಸಣ್ಣ ಗುಂಪಿಗೂ ಒಂದು ಕುರ್ಚಿ ಸಿಗುವ ಪದ್ಧತಿ.

ಆದರೆ ಅರವತ್ತಮೂರು ಹೆಸರು, ನಾಲ್ಕು ಪುಟ, ಹಿಂದೆ ಬಿಸಿಲಲ್ಲಿ ನಿಂತ ಸಾಲು. ಜನ ಒಂದು ಒತ್ತಿ ಹೊರಟುಬಿಡುತ್ತಿದ್ದರು. ಅವರು ಮೆಚ್ಚಿದವನು ಬಿದ್ದರೆ ಮತವೂ ಅಲ್ಲೇ ಸತ್ತುಹೋಗುತ್ತಿತ್ತು. ಅದಕ್ಕೆ ಮದ್ದೆಂದು ಮೂರು ವರ್ಷದ ಹಿಂದೆ ಬಂದದ್ದು ಪೂರಕ ಯಂತ್ರ. ನೀವು ಒಂದು ಒತ್ತಿ, ಹಸಿರು ಗುಂಡಿ ಮುಟ್ಟಿದರೆ ಸಾಕು. ಎರಡರಿಂದ ಅರವತ್ತಮೂರರ ತನಕ ಅದೇ ತುಂಬುತ್ತದೆ. ಹೇಗೆ? ನಿಮ್ಮ ಮೂರು ವರ್ಷದ ಫೋನ್ ಕರೆಗಳಿಂದ. ಮಾತನ್ನು ಅದು ಕೇಳುವುದಿಲ್ಲ, ಖಾಸಗಿತನದ ಕಾನೂನು ಬಿಡುವುದಿಲ್ಲ. ಯಾರಿಗೆ ಎಷ್ಟು ಸಲ ಕರೆ ಮಾಡಿದಿರಿ, ಕಷ್ಟ ಬಂದಾಗ ಮೊದಲು ಯಾರಿಗೆ ಮಾಡಿದಿರಿ, ಮಾತಾಡುವಾಗ ದನಿ ಏರಿತೋ ಇಳಿಯಿತೋ, ಇಷ್ಟನ್ನೇ ನೋಡಿ ನಿಮ್ಮ ನಂಟಿನ ನಕ್ಷೆ ಬರೆಯುತ್ತದೆ. ರೇಷನ್ ಕಾರ್ಡ್ ನವೀಕರಿಸುವಾಗ ಹೆಬ್ಬೆಟ್ಟು ಒತ್ತಿದವರೆಲ್ಲ ಇದಕ್ಕೂ ಒಪ್ಪಿದಂತೆಯೇ. ‘ಒಂದು ನಿಮ್ಮದು, ಉಳಿದದ್ದು ಪೂರಕಕ್ಕೆ ಬಿಡಿ’ ಎಂದು ಗೋಡೆ ಗೋಡೆಯ ಮೇಲೆ ಬರೆಸಿದ್ದರು.

ಪರದೆಯ ಮೇಲೆ ಹಂಚಿಕೆ ಮೂಡಿತು. ಹುಸೇನಪ್ಪ ಮಾಸ್ತರರಿಗೆ ಹದಿನಾರು ಸಾವಿರ. ಪಂಪನಗೌಡನಿಗೆ ಎಪ್ಪತ್ತೊಂದು ಸಾವಿರ.

ಎರಡು ಸಾಲು ಅದಲುಬದಲಾಗಿರಬೇಕೆಂದು ತಾಯಮ್ಮ ಎದ್ದೇ ನಿಂತಳು. ತನ್ನೂರು ಕೆಂಚನದಿನ್ನಿಯ ಮತಗಟ್ಟೆಯನ್ನು ತೆರೆದು ನೋಡಿದಳು. ಜಂಬಕ್ಕನಿಗೆ ಬಿದ್ದ ಎಂಟುನೂರ ಹನ್ನೆರಡು ಮತಗಳಲ್ಲಿ ಏಳುನೂರ ನಲವತ್ತು ಗೌಡನಿಗೆ ದಾಟಿದ್ದವು. ಸ್ವಂತ ಪ್ರಾಂತದವರನ್ನು ಎಣಿಕೆಗೆ ಹಾಕಬಾರದೆಂಬ ನಿಯಮ ಮೊದಲಿತ್ತು. ಯಂತ್ರ ಎಣಿಸುವಾಗ ಮನುಷ್ಯರದೇನು ಎಂದು ಅದನ್ನು ತೆಗೆದುಹಾಕಿದ್ದರು. ತೆಗೆಯದಿದ್ದರೆ ಅವಳು ತನ್ನೂರಿನ ಮತ ಹೀಗೆ ಹಳಸಿದ್ದನ್ನು ಕಣ್ಣಾರೆ ನೋಡುತ್ತಲೂ ಇರಲಿಲ್ಲ.

“ಸರ್, ಇದು ತಪ್ಪದ,” ಎಂದಳು.

ಪೂರಕದ ಉಸ್ತುವಾರಿಗೆಂದು ಬೆಂಗಳೂರಿನಿಂದ ಬಂದಿದ್ದ ಡಾ. ಶ್ರೀವತ್ಸ ಕುರ್ಚಿ ತಿರುಗಿಸಿ ನಕ್ಕರು. ಕೆಟ್ಟವರಲ್ಲ, ತಮ್ಮ ಯಂತ್ರದ ಮೇಲೆ ಹೆತ್ತವರ ಪ್ರೀತಿ, ಅಷ್ಟೇ. “ತಪ್ಪಾಗಕ್ಕೆ ಚಾನ್ಸೇ ಇಲ್ಲ ಮೇಡಂ. ನಿಮ್ಮೂರಿನ ನಕ್ಷೆ ನೋಡಿ. ಒಂದೊಂದು ಮನೆಯವರೂ ಆ ಗೌಡರಿಗೆ ತಿಂಗಳಿಗೆ ಹನ್ನೊಂದು ಸಲ ಕಾಲ್ ಮಾಡಿದ್ದಾರೆ. ಕಷ್ಟ ಅಂದ ತಕ್ಷಣ ಮೊದಲ ಕಾಲ್ ಅವರಿಗೇ. ದನಿ ನೋಡಿ, ಎಷ್ಟು ಸಾಫ್ಟು! ಸ್ವಂತ ಮಕ್ಕಳ ಹತ್ರ ಕೂಡ ಇವರು ಹೀಗೆ ಮಾತಾಡಿಲ್ಲ.”

“ಉಸುರು ಕಟ್ಟಿದವರ ದನಿ ಸಾಫ್ಟೇ ಇರ್ತದ ಸರ್,” ಎಂದಳು ತಾಯಮ್ಮ. 

ಕೆಂಚನದಿನ್ನಿಯ ಪಕ್ಕದಲ್ಲಿ ಶಾಖೋತ್ಪನ್ನ ಸ್ಥಾವರವಿತ್ತು. ಅದರ ಹಾರುಬೂದಿಯೆಲ್ಲ ಬಂದು ತುಂಬುವ ಬೂದಿಕೆರೆ ಊರಿನ ಬೆನ್ನಿಗೇ ಇತ್ತು. ಬೂದಿ ಸಾಗಿಸುವ ಗುತ್ತಿಗೆ ಪಂಪನಗೌಡನದು. ತಾಡಪಾಲು ಹೊದಿಸಬೇಕಾದ ಲಾರಿಗಳನ್ನು ಬಾಯಿ ತೆರೆದುಕೊಂಡೇ ಊರೊಳಗೆ ಓಡಿಸಿ, ಹದಿನೈದು ವರ್ಷದಲ್ಲಿ ನಲವತ್ತೆರಡು ಹಳ್ಳಿಗಳ ಪುಪ್ಪಸಕ್ಕೆ ಬೂದಿ ಬಳಿದವನು ಅವನೇ. ಆಮೇಲೆ ‘ಪ್ರಾಣವಾಯು ಸೇವಾ ಟ್ರಸ್ಟ್’ ಕಟ್ಟಿ ಮನೆಮನೆಗೆ ಆಮ್ಲಜನಕದ ಸಿಲಿಂಡರ್ ಹಂಚತೊಡಗಿದವನೂ ಅವನೇ. ಉರಿಯುವ ಮನೆಯಲ್ಲಿ ಗಳ ಹಿರಿಯುವವರನ್ನು ನೋಡಿದ್ದೇವೆ. ಇವನು ಬೆಂಕಿ ಹಚ್ಚಿ, ನೀರು ಕೊಡಲು ಕೈಮುಗಿಸಿಕೊಳ್ಳುತ್ತಿದ್ದ. ಬೂದಿಕೆರೆ ಮುಚ್ಚಿಸುವ ಮಸೂದೆ ಪರಿಷತ್ತಿನಲ್ಲಿ ಒಂದೇ ಮತದ ಅಂತರದಲ್ಲಿ ತೂಗಾಡುತ್ತಿತ್ತು. ಎಡೆದೊರೆಯ ಐದನೆಯ ಕುರ್ಚಿ ಮಾಸ್ತರರದಾದರೆ ಕೆರೆ ಮುಚ್ಚುತ್ತದೆ, ಗೌಡನದಾದರೆ ಇನ್ನೆರಡು ಹಳ್ಳಿ ನುಂಗುತ್ತದೆ.

ನೌಕರಿಗಾಗಿ ಪಟ್ಟಣದಲ್ಲೇ ಇರುತ್ತಿದ್ದ ತಾಯಮ್ಮ ಮಧ್ಯಾಹ್ನದ ಬಿಡುವಿನಲ್ಲಿ ಸ್ಕೂಟರ್ ಹತ್ತಿ ಊರಿಗೆ ಹೋದಳು. ಅವಳವ್ವ ಸವಾರೆಮ್ಮ ಗೋಡೆಗೊರಗಿ ಕೂತು, ಮೂಗಿನ ಕೊಳವೆಯನ್ನು ಒಂದು ಕೈಯಲ್ಲಿ ಸರಿಮಾಡಿಕೊಳ್ಳುತ್ತ ಇನ್ನೊಂದು ಕೈಯಲ್ಲಿ ಫೋನ್ ಹಿಡಿದಿದ್ದಳು.

“ಯಪ್ಪಾ ಗೌಡಾ, ನಿನ್ನ ಹೊಟ್ಟಿ ತಣ್ಣಗಿರಲಪ್ಪಾ. ನಿನ್ನಿ ಹೇಳಿದ್ನಲ್ಲ, ಸಿಲಿಂಡರ್ ಮುಗಿಯಾಕ ಬಂದದ. ದೊಡ್ಡ ಮನಸ್ಸು ಮಾಡಿ ಒಂದ ಕಳಿಸು ನನ್ನಪ್ಪಾ. ಹ್ಞೂಂನಪ್ಪಾ. ನೂರು ವರ್ಷ ಬಾಳು.” ಫೋನ್ ಇಟ್ಟವಳೇ ಅದೇ ಉಸಿರಿನಲ್ಲಿ, “ನಿನ್ನ ವಂಶ ಹಾಳಾಗಲಿ, ನಿನ್ನ ಬಾಯಾಗ ಮಣ್ಣ ಬೀಳಲಿ,” ಎಂದು ಫೋನಿನ ಮೇಲೆ ನೆಟಿಕೆ ಮುರಿದಳು.

ತಾಯಮ್ಮ ಹೊಸ್ತಿಲಲ್ಲೇ ಕೂತಳು. ಈ ಬೈಗುಳ ಅವಳಿಗೆ ಹೊಸದಲ್ಲ. ಊರಿನ ಪ್ರತಿ ಮನೆಯಲ್ಲೂ ಒಲೆ ಹೊತ್ತುವ ಮೊದಲು ಗೌಡನಿಗೆ ಶಾಪ ಬೀಳುತ್ತಿತ್ತು. ಆ ಶಾಪ ಯಂತ್ರಕ್ಕೆ ಕೇಳುವುದಿಲ್ಲ, ಕೈಮುಗಿದದ್ದು ಮಾತ್ರ ಕೇಳುತ್ತದೆ.

“ಯವ್ವಾ, ಖುದ್ದು ಅವಂಗ ಯಾಕ ಫೋನ್ ಮಾಡ್ತೀರಿ? ಮೊದಲ ಟ್ರಸ್ಟಿನ ಗಾಡಿಯವಗ ಚೀಟಿ ಬರದು ಕೊಟ್ರ ಸಾಕಿತ್ತಲ್ಲ?”

“ಚೀಟಿ ನಿಂತು ಮೂರು ವರ್ಷಾತಲ್ಲಬೇ. ಗೌಡ್ರ ಜೋಡಿ ಬಾಯಿಬಿಟ್ಟು ಮಾತಾಡಿದ್ರನ ಗಾಡಿ ಬರ್ತದ. ಮುಟ್ಟಿದ ಮ್ಯಾಲ ಮತ್ತೊಮ್ಮಿ ಮಾಡಿ, ಮುಟ್ತು, ದೇವರು ಚೊಲೋ ಮಾಡಲಿ ಅನಬೇಕು. ಜೋರು ದನಿಲಿಂದ ಮಾತಾಡಿದ್ರ ಮುಂದಿನ ವಾರ ಗಾಡಿ ನಮ್ಮ ಓಣಿಗೆ ಬರಂಗಿಲ್ಲ.”

ಮೂರು ವರ್ಷ. ಪೂರಕದ ಕಾನೂನು ಪಾಸಾದದ್ದೂ ಮೂರು ವರ್ಷದ ಹಿಂದೆ.  ಯಂತ್ರ ಏನನ್ನು ತಿನ್ನುತ್ತದೆಂದು ತಿಳಿದುಕೊಂಡು ಅವನು ಅದಕ್ಕೆ ಅದನ್ನೇ ಉಣಿಸಿದ್ದ. ಅವಳವ್ವನ ಏದುಸಿರನ್ನು ತಿಂಗಳಿಗೆ ಹನ್ನೊಂದು ಸಲ ಬಡಿಸಿದ್ದ.

ಆದರೆ ಅವಳನ್ನು ಹೆಚ್ಚು ಚುಚ್ಚಿದ್ದು ಬೇರೊಂದು ನೆನಪು. ಮತದಾನದ ಹಿಂದಿನ ದಿನ ಇದೇ ಹೊಸ್ತಿಲಲ್ಲಿ ಕೂತು ಅವ್ವನಿಗೂ ಓಣಿಯ ಹೆಂಗಸರಿಗೂ ಹಸಿರು ಗುಂಡಿಯ ಪಾಠ ಹೇಳಿದವಳು ತಾನೇ. ಎರಡನೆಯ ಅಂಕಿ ಹಾಕಲು ಮೂರನೆಯ ಪುಟಕ್ಕೆ ಹೋಗಿ ಹುಡುಕಬೇಕಲ್ಲ ಎಂದು ಎದುರುಮನೆಯ ಮಾಬಮ್ಮ ತಕರಾರು ತೆಗೆದಿದ್ದಳು. “ಒಂದ ಒತ್ತಿ ಹಸಿರಿಗೆ ಮುಟ್ಟಬೇ. ಗೌಡನ ಮ್ಯಾಲ ನಿಮಗೆಷ್ಟು ಸಿಟ್ಟದ ಅಂತ ಯಂತ್ರಕ್ಕ ಗೊತ್ತಿರ್ತದ,” ಎಂದು ಇವಳು ಅಂದಿದ್ದಳು. ದಿನಾ ಇಷ್ಟು ಬೈಯುತ್ತೇವಲ್ಲ, ಗೊತ್ತಾಗದೆ ಇರುತ್ತದೆಯೇ ಎಂದು ಎಲ್ಲರೂ ನಂಬಿದರು. ಓದಿದ ಮಗಳ ಮಾತು. ನಂಬದೆ ಏನು ಮಾಡುತ್ತಾರೆ?

ಎಣಿಕೆಯ ಸಭಾಂಗಣಕ್ಕೆ ಮರಳಿ ಬಂದ ತಾಯಮ್ಮ ಶ್ರೀವತ್ಸರ ಮೇಜಿನ ಮುಂದೆ ನಿಂತಳು.

“ನಮ್ಮ ಕಡೆ ಒಂದ ಮಾತದ ಸರ್. ಗರಜಿದ್ದಾಗ ಕತ್ತೆ ಕಾಲೂ ಹಿಡೀಬೇಕು ಅಂತ. ಕಾಲು ಹಿಡಿದವರನ್ನ ನಿಮ್ಮ ಪೂರಕ ಕತ್ತೆಯ ಭಕ್ತರು ಅಂತ ಬರಕೊಂಡದ. ಆ ಗೌಡ ಬೇಕಂತನ ಫೋನ್ ಮಾಡಿಸ್ಯಾನ. ಮೊದಲ ಸಿಲಿಂಡರಿಗೆ ಚೀಟಿ ಸಾಕಿತ್ತು, ಅದನ್ನ ಬಂದ್ ಮಾಡಿದ ತಾರೀಕು ನೋಡ್ರಿ.”

ಶ್ರೀವತ್ಸ ಈ ಸಲ ನಗಲಿಲ್ಲ. ಕನ್ನಡಕ ತೆಗೆದು ಒರೆಸಿದರು. “ನೀವು ಹೇಳೋದು ಇರಬಹುದು. ಆದ್ರೆ ಯಂತ್ರಕ್ಕೆ ಅವಶ್ಯಕತೆ ಬೇರೆ, ವಿಶ್ವಾಸ ಬೇರೆ ಅಂತ ಹೇಳಿಕೊಡಕ್ಕೆ ನಮಗೇ ಬರಲ್ಲ. ನಿಯಮ ನಲವತ್ತೊಂದು ಇದೆ, ನೋಡಿ.”

ನಿಯಮ ನಲವತ್ತೊಂದು ಹೀಗಿತ್ತು: ಸೋತ ಅಭ್ಯರ್ಥಿ ಸಹಿ ಹಾಕಿದರೆ ಒಂದು ಮತಗಟ್ಟೆಯಲ್ಲಿ ಪೂರಕ ತುಂಬಿದ ಮತಗಳಿಂದ ನೂರು ಜನರ ಹೆಸರನ್ನು ಚೀಟಿ ಎತ್ತಿ ಕರೆಯಬೇಕು. ‘ಯಂತ್ರ ಬರೆದದ್ದು ನನ್ನ ಮನಸ್ಸಲ್ಲ’ ಎಂದು ಐವತ್ತೊಂದು ಜನ ಅಧಿಕಾರಿಯ ಎದುರು ಹೆಸರು ಹೇಳಿ ಸಾಕ್ಷಿ ನುಡಿದರೆ ಆ ಹಂಚಿಕೆಯ ಎಲ್ಲ ಹಳ್ಳಿಗಳಲ್ಲೂ, ಇಲ್ಲಿ ನಲವತ್ತೆರಡರಲ್ಲೂ, ಕೈಬರಹದ ಮರುಮತದಾನ. ಬಾರದವರು ಯಂತ್ರವನ್ನು ಒಪ್ಪಿದಂತೆ. ಆ ಕೊನೆಯ ಸಾಲನ್ನು ಬರೆದವನು ಯಾವ ಹೊಟ್ಟೆಯಲ್ಲಿ ಹುಟ್ಟಿದನೋ ಎಂದು ತಾಯಮ್ಮನಿಗೆ ಅನ್ನಿಸಿತು.

ಹುಸೇನಪ್ಪ ಮಾಸ್ತರರು ಸಭಾಂಗಣದ ಪಡಸಾಲೆಯಲ್ಲಿ ಒಬ್ಬರೇ ಕೂತಿದ್ದರು. ಅವಳಿಗೆ ಮಗ್ಗಿ ಕಲಿಸಿದವರು. ಅರ್ಜಿಯನ್ನು ಎರಡು ಸಲ ಓದಿದರು.

“ಹೆಸರು ಹೇಳಿ ಸಾಕ್ಷಿ ನುಡೀಬೇಕಲ್ಲವಾ ತಾಯಮ್ಮ. ನುಡಿದವರ ಮನಿಗೆ ಮರುದಿನ ಗಾಡಿ ಬರ್ತದೇನು? ನನ್ನ ಕುರ್ಚಿ ಸಲುವಾಗಿ ಮಂದಿ ಉಸುರು ಒತ್ತೆ ಇಡಾಕ ನನ್ನ ಕೈಲಿ ಆಗಂಗಿಲ್ಲವ್ವ.”

“ಕುರ್ಚಿ ನಿಮ್ಮದಲ್ರಿ ಸರ್, ಅವರದು. ಅದನ್ನ ಅವರ ಕೈಲಿಂದನ ಕಸಗೊಂಡಾರ. ಬ್ಯಾಡ ಅನ್ನೋ ಹಕ್ಕು ನಿಮಗಿಲ್ರಿ.” ಗುರುಗಳ ಮುಂದೆ ಇಷ್ಟು ಏರುದನಿಯಲ್ಲಿ ಅವಳೆಂದೂ ಮಾತಾಡಿರಲಿಲ್ಲ. ಮಾಸ್ತರರು ಸಹಿ ಹಾಕಿದರು.

ಮರುದಿನ ಬೆಳಿಗ್ಗೆ ಕೆಂಚನದಿನ್ನಿಯ ಶಾಲೆಯಲ್ಲಿ ಮೇಜು ಹಾಕಿದರು. ನೂರು ಹೆಸರಿನ ಪಟ್ಟಿಯನ್ನು ಬಾಗಿಲಿಗೆ ಅಂಟಿಸಿದರು. ಸವಾರೆಮ್ಮನ ಹೆಸರೂ ಬಂದಿತ್ತು, ಮಾಬಮ್ಮನದೂ ಬಂದಿತ್ತು. ಹತ್ತು ಗಂಟೆಗೆ ಪ್ರಾಣವಾಯು ಟ್ರಸ್ಟಿನ ವ್ಯಾನು ಬಂದು ಶಾಲೆಯ ಗೇಟಿನ ಎದುರಿಗೇ ನಿಂತಿತು. ಹಿಂದಿನ ಬಾಗಿಲು ತೆರೆದಿತ್ತು, ಒಳಗೆ ಹಸಿರು ಸಿಲಿಂಡರುಗಳು ಸಾಲಾಗಿ ನಿಂತಿದ್ದವು. ಡ್ರೈವರ್ ಯಾರಿಗೂ ಏನೂ ಅನ್ನಲಿಲ್ಲ. ಒಂದು ನೋಟ್‌ಬುಕ್ ಹಿಡಿದು, ಗೇಟಿನೊಳಗೆ ಹೋದವರ ಹೆಸರು ಬರೆದುಕೊಳ್ಳುತ್ತಿದ್ದ, ಅಷ್ಟೇ. ಬಂದೋಬಸ್ತಿನ ಪೊಲೀಸರು ಅವನಿಗೆ ಚಹಾ ತರಿಸಿಕೊಟ್ಟರು. ರಸ್ತೆ ಎಲ್ಲರದೂ, ನಿಲ್ಲಿಸಬಾರದೆಂಬ ನಿಯಮವಿಲ್ಲ ಎಂದು ತಾಯಮ್ಮನಿಗೆ ಸಮಾಧಾನ ಹೇಳಿದರು.

ಸವಾರೆಮ್ಮ ಮೊದಲಿಗಳಾಗಿ ಹೋದಳು. ಸಿಲಿಂಡರನ್ನು ತಾಯಮ್ಮ ಹೊತ್ತಿದ್ದಳು. ಮೇಜಿನ ಮುಂದೆ ನಿಂತು ಮುದುಕಿ ಮೂಗಿನ ಕೊಳವೆ ಕೆಳಗಿಳಿಸಿದಳು, ಮಾತು ಸ್ಪಷ್ಟವಾಗಿ ಕೇಳಲಿ ಎಂದು.

“ನಾ ಸವಾರೆಮ್ಮ, ಗಂಡ ತಿಮ್ಮಯ್ಯ ಬೂದಿ ನುಂಗಿ ಸತ್ತ. ಗೌಡಗ ನಾ ಓಟ ಹಾಕಿಲ್ಲ, ಹಾಕಂಗಿಲ್ಲ. ಮಿಷನ್‌ಗೆ ಹೇಳ್ರಿ, ಹಸದ ಮಂದಿ ಕೈ ಮುಗಿದ್ರ ಅದು ಒಲುಮೆ ಅಲ್ಲ ಅಂತ. ಬರಕೋರಿ, ಬರಕೋರಿ.”

ಅಧಿಕಾರಿ ಬರೆದುಕೊಂಡ. ಹೊರಗೆ ಡ್ರೈವರನೂ ಬರೆದುಕೊಂಡ.

ಸಂಜೆ ಐದರವರೆಗೆ ಬಂದವರು ಮೂವತ್ತೇಳು ಜನ. ಮೂವತ್ತೇಳೂ ಜನ ಎದೆತುಂಬ ಅಲ್ಲ ಎಂದರು. ಉಳಿದವರ ಮನೆಗಳ ಬಾಗಿಲು ಮುಚ್ಚಿದ್ದವು. ತಾಯಮ್ಮ ಮಾಬಮ್ಮನ ಕದ ತಟ್ಟಿದಳು. ಒಳಗೆ ಅವಳ ಗಂಡ ಕೆಮ್ಮುವುದು ಕೇಳುತ್ತಿತ್ತು, ಕದ ತೆರೆಯಲಿಲ್ಲ. “ಹೇಡಿ!” ಎಂದು ಕೂಗಿ ತಾಯಮ್ಮ ಕದಕ್ಕೆ ಒದ್ದೂಬಿಟ್ಟಳು. ಐದು ಗಂಟೆಗೆ ಪಟ್ಟಿ ಹರಿದರು. ಅರವತ್ತಮೂರು ಜನ ಯಂತ್ರವನ್ನು ಒಪ್ಪಿದ್ದಾರೆಂದು ದಾಖಲಾಯಿತು. ಫಲಿತಾಂಶಕ್ಕೆ ಸಹಿ ಹಾಕಲು ತಾಯಮ್ಮ ಒಲ್ಲೆನೆಂದಳು. ಎಣಿಕೆಯ ಮೂವರು ಅಧಿಕಾರಿಗಳಲ್ಲಿ ಇಬ್ಬರ ಸಹಿ ಸಾಕಾಗಿತ್ತು. ಪಂಪನಗೌಡ ಎಡೆದೊರೆಯ ಐದನೆಯ ಸದಸ್ಯನಾದ, ತಾಯಮ್ಮ ಅಮಾನತಾದಳು.

ಅದರ ಮಾರನೆಯ ಬೆಳಿಗ್ಗೆ ವ್ಯಾನು ಊರಿಗೆ ಬಂತು. ಮೂವತ್ತೇಳು ಮನೆಗಳ ಮುಂದೆ ನಿಲ್ಲಲಿಲ್ಲ. ಸವಾರೆಮ್ಮನ ಸಿಲಿಂಡರಿನ ಮುಳ್ಳು ಕೆಂಪು ಗೆರೆಗೆ ಇಳಿದಿತ್ತು. ಜಿಲ್ಲಾ ಆಸ್ಪತ್ರೆಗೆ ಫೋನ್ ಮಾಡಿದರೆ ಹಾಸಿಗೆ ಸೋಮವಾರ ನೋಡೋಣ ಎಂದರು. ಅಂಗಳಕ್ಕೆ ಬಂದ ತಾಯಮ್ಮನಿಗೆ ಎದುರುಮನೆಯಿಂದ ಮಾಬಮ್ಮನ ದನಿ ಕೇಳಿಸಿತು. ಫೋನಿನಲ್ಲಿ ಜೇನು ಸುರಿಸುತ್ತಿದ್ದಳು.

“ಯಪ್ಪಾ ಗೌಡ್ರ, ನೀವು ಗೆದ್ದಿದ್ದು ಕೇಳಿ ಜೀವ ತಂಪಾತ್ರಿ. ನಮ್ಮ ಮನಿಯವರಿಗೆ ಒಂದು ಸಿಲಿಂಡರ್ ಸಾಲಂಗಿಲ್ರಿ, ಎರಡು ಕೊಡಾಕ ಹೇಳ್ರೆಪಾ. ನಿಮ್ಮ ಉಪಕಾರ ಮರಿಯಂಗಿಲ್ರಿ.”

 ಬಾಯಿಗೆ ಬಂದದ್ದನ್ನು ಅಂದೇಬಿಡಬೇಕೆಂದು ತಾಯಮ್ಮ ರಸ್ತೆ ದಾಟಿದಳು. ಅಷ್ಟರಲ್ಲಿ ವ್ಯಾನಿನವನು ಎರಡು ಸಿಲಿಂಡರ್ ಇಳಿಸಿ ಮುಂದಕ್ಕೆ ಹೋದ. ಅವನು ಓಣಿಯ ತಿರುವು ದಾಟಿದ್ದೇ ತಡ, ಮಾಬಮ್ಮ ಸೆರಗು ಸೊಂಟಕ್ಕೆ ಸಿಗಿಸಿ ಒಂದು ಸಿಲಿಂಡರನ್ನು ನೆಲಕ್ಕೆ ಮಲಗಿಸಿ, ಉರುಳಿಸಿಕೊಂಡು ಸವಾರೆಮ್ಮನ ಬಾಗಿಲಿಗೆ ತಂದಳು.

“ಹಿಡಿ. ನಿಂತು ನೋಡಬ್ಯಾಡ, ಭಾರದ.”

ತಾಯಮ್ಮ ಹಿಡಿದಳು. ಓಣಿಯ ಉದ್ದಕ್ಕೂ ಅದೇ ನಡೆದಿತ್ತು. ಸಾಕ್ಷಿಗೆ ಬಾರದವರ ಮನೆಗಳಿಂದ ಸೈಕಲ್ಲಿನ ಮೇಲೆ, ತಳ್ಳುಗಾಡಿಯಲ್ಲಿ, ತಲೆಯ ಮೇಲೆ ಹಸಿರು ಸಿಲಿಂಡರುಗಳು ಸಾಕ್ಷಿ ನುಡಿದವರ ಮನೆಗಳಿಗೆ ಹೋಗುತ್ತಿದ್ದವು.

“ಇನ್ನ ಹದಿನಾಕ ಮಂದಿ ಬಂದಿದ್ರ ಗೆಲ್ತಿದ್ವಿ ಮಾಬಮ್ಮಾ,” ಎಂದಳು ತಾಯಮ್ಮ. ಸಿಟ್ಟು ಇಳಿದಿರಲಿಲ್ಲ, ಆದರೆ ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ.

“ಗೆದ್ದು, ಮತ್ತ ಓಟ ಹಾಕಿ, ಮಸೂದೆ ಮಾಡಿ, ಕೆರಿ ಮುಚ್ಚೋತನಕ ನಿಮ್ಮವ್ವ ಉಸುರು ಹಿಡಕೊಂಡು ಕುಂದ್ರತಿದ್ಲೇನು? ಎಲ್ಲಾರೂ ಸಾಲಿಗೆ ಸಾಕ್ಷಿ ಹೇಳಾಕ ಬಂದಿದ್ರ ಇವತ್ತು ಆ ಹಾಳ ಗೌಡಗ ಫೋನ್ ಮಾಡಾಕ ಊರಾಗ ಯಾರು ಉಳಿತಿದ್ರು?” ಮಾಬಮ್ಮನ ಕಣ್ಣು ಕೆಂಪಗಿದ್ದವು. “ನೀ ನನ್ನ ಕದಕ್ಕ ಒದ್ದಿದ್ದು ನನ್ನ ಎದಿಗೆ ಬಡಿದದ ತಾಯಮ್ಮ. ಆದ್ರೂ ನಾ ತೆರಿಲಿಲ್ಲ.”

 ಅಷ್ಟರಲ್ಲಿ ತಾಯಮ್ಮನ ಫೋನ್ ರಿಂಗಾಯಿತು. ಶ್ರೀವತ್ಸ.

“ಮೇಡಂ, ನಿಮ್ಮ ಸಸ್ಪೆನ್ಷನ್ ಬಗ್ಗೆ ನನಗೂ ಬೇಜಾರಿದೆ. ರಾತ್ರಿಯೆಲ್ಲ ನಿಮ್ಮ ಮಾತೇ ತಲೇಲಿತ್ತು. ಯಂತ್ರ ತಪ್ಪಿರಬಹುದು ಅಂತ ನಿಮ್ಮೂರಿನ ನಕ್ಷೆ ಮತ್ತೆ ತೆಗೆದೆ. ಆದ್ರೆ ನೋಡಿ, ಇವತ್ತು ಬೆಳಿಗ್ಗೆಯಿಂದ ಕೆಂಚನದಿನ್ನಿಯಿಂದ ಗೌಡರಿಗೆ ಹೋಗಿರೋ ಕಾಲ್‌ಗಳು ಡಬಲ್ ಆಗಿವೆ. ದನಿ ಇನ್ನೂ ಮೃದು. ಹಿಂದೆಂದೂ ಇಷ್ಟು ಗಟ್ಟಿ ನಂಟು ನಾನು ಯಾವ ಊರಲ್ಲೂ ನೋಡಿಲ್ಲ. ಅದಕ್ಕೇ ಕೇಳ್ತಿದೀನಿ. ಇದು ನಿಜವಾಗ್ಲೂ ಪ್ರೀತಿ ಅಲ್ವಾ? ಬೇರೆ ಏನಾದ್ರೂ ಇದ್ರೆ ಹೇಳಿ, ನಾನು ವರದಿ ಬರೀತೀನಿ.”

ತಾಯಮ್ಮ ಓಣಿಯತ್ತ ನೋಡಿದಳು. ಸಿಲಿಂಡರುಗಳು ಉರುಳುತ್ತಿದ್ದವು. ನಿಜ ಹೇಳಿದರೆ ವರದಿಯಾಗುತ್ತದೆ, ವರದಿ ಗೌಡನ ಕೈಗೆ ಮುಟ್ಟುತ್ತದೆ, ನಾಳೆ ವ್ಯಾನಿನಿಂದ ಮನೆಗೆ ಒಂದೇ ಇಳಿಯುತ್ತದೆ. ಮುಂದಿನ ಚುನಾವಣೆಗೆ ಐದು ವರ್ಷವಿತ್ತು. ಆ ಐದು ವರ್ಷವೂ ಈ ಊರು ಹೀಗೇ ಎರಡೆರಡು ಸಲ ಕೈಮುಗಿಯಬೇಕು, ಮುಗಿದಷ್ಟೂ ಅವನ ಮತ ಬೆಳೆಯುತ್ತ ಹೋಗಬೇಕು. 

“ಹೌದ್ರಿ ಸರ್,” ಎಂದಳು ತಾಯಮ್ಮ, ತನಗೇ ಗುರುತು ಸಿಗದಷ್ಟು ಮೆತ್ತಗೆ. “ನಮ್ಮ ಮಂದಿಗೆ ಗೌಡ್ರ ಮ್ಯಾಲ ಭಾಳ ಪ್ರೀತಿ ಅದರಿ. ನಾನ ತಪ್ಪು ತಿಳಕೊಂಡಿದ್ದೆ.”

ಫೋನ್ ಇಟ್ಟು, ಮಾಬಮ್ಮನ ಜೊತೆ ಕೈಜೋಡಿಸಿ ಸಿಲಿಂಡರನ್ನು ಹೊಸ್ತಿಲು ದಾಟಿಸಿದಳು.